ಹೇಳಿಕೆಗೆ ಹೊರಟ ಮಾವನ ಕಾರು

ನನ್ನ ಸೋದರಮಾವನಷ್ಟು ಸಲೀಸಾಗಿ ಸುಳ್ಳು ಹೇಳುವವರು ಉಡುಪಿಯಿಂದ ಕಾರ್ಕಳದವರೆಗೆ ಇನ್ನೊಬ್ಬರಿರಲಿಲ್ಲ. ಇದು ನಿಂದೆಯಲ್ಲ, ಬಿರುದು! ನಮ್ಮಲ್ಲಿ ಉಂಡು ಕೈ ಒಣಗುವ ಮೊದಲೇ ಪಕ್ಕದ ಮನೆಗೆ ಹೋಗಿ "ಬೆಳಿಗ್ಗೆಯಿಂದ ಬರೀ ಹೊಟ್ಟೆ" ಎನ್ನಬಲ್ಲವರು. ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರುವ ಪೈಕಿಯಲ್ಲ. ನೇರ ಅಡಿಗೆಮನೆಗೆ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು, "ಹುಳಿಗೆ ಉಪ್ಪು ಸಾಲದು" ಎಂದು ತೀರ್ಪು ಕೊಟ್ಟ ಮೇಲೆಯೇ ಮನೆಯವರ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು.

ಇಂಥ ಮನುಷ್ಯ ಒಂದು ಇಡೀ ಪ್ರಯಾಣದಲ್ಲಿ ಒಬ್ಬರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ ಎಂದರೆ ನೀವು ನಂಬುತ್ತೀರಾ?

ಎಪ್ಪತ್ತರ ದಶಕದ ಕೊನೆ. ಕಾರ್ಕಳದ ಹುಡುಗನೊಂದಿಗೆ ನನ್ನ ಅಕ್ಕನ ಮದುವೆ ನಿಶ್ಚಯವಾಗಿತ್ತು. ನಮ್ಮ ಕಡೆ ಮದುವೆಯ ಕಾಗದವನ್ನು ಬರೀ ಅಂಚೆಗೆ ಹಾಕಿದರೆ ನೆಂಟರು ಮುಖ ಊದಿಸಿಕೊಳ್ಳುತ್ತಾರೆ. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಅದಕ್ಕೆ ಹೇಳಿಕೆ ಎಂದು ಹೆಸರು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ವಿಧವೆಯಾದ ಅಮ್ಮ ಹೇಳಿಕೆಗೆ ಹೋಗುವಂತಿರಲಿಲ್ಲ, ಮದುವೆಯ ದಿನ ಚಪ್ಪರದ ಮುಂದೆ ನಿಲ್ಲುವಂತೆಯೂ ಇರಲಿಲ್ಲ. ಮಾವನೊಂದಿಗೆ ಚಿಕ್ಕಮ್ಮ ಹೋಗಲಿ ಎಂದು ಹಿರಿಯರು ತೀರ್ಮಾನಿಸಿದರು. ಅಮ್ಮ ತಲೆಯಾಡಿಸಿ, ಒಳಗೆ ಹೋಗಿ ಬೇಡದಿದ್ದ ತೆಂಗಿನಕಾಯಿ ತುರಿಯುತ್ತ ಕುಳಿತಳು.

ಹೊರಡುವ ಬೆಳಿಗ್ಗೆ ಕಾಪುವಿನ ನಮ್ಮ ಮನೆಯ ಮುಂದೆ ಮಾವನ ಹಳೆಯ ಕಾರು ಬಂದು ನಿಂತಿತು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಬಂದು ಬಾಗಿಲು ತೆಗೆದರೆ, ಹಿಂದಿನ ಸೀಟಿನಲ್ಲಿ ಒಂದು ಸ್ಟೆಪ್ನಿ ಚಕ್ರ, ಅದರ ಪಕ್ಕದಲ್ಲಿ ಮಹಾ ಗಾತ್ರದ ಹಲಸಿನಹಣ್ಣು!

"ಡಿಕ್ಕಿಯ ಬಾಗಿಲು ಹಾಳಾಗಿದೆ, ಎಂತ ಮಾಡುವುದು ಹೇಳಿ? ಹಿಂದೆ ಸಪೂರ ಇದ್ದವರಿಗೆ ಮಾತ್ರ ಜಾಗ ಉಂಟು" ಎಂದರು ಮಾವ.

ಚಿಕ್ಕಮ್ಮ ಸಪೂರದ ಲೆಕ್ಕಕ್ಕೆ ಬರುವವರಲ್ಲ. ಹಾಗಾಗಿ ಅವರು ಮನೆಯಲ್ಲೇ ಉಳಿದರು, ಕಾಲೇಜು ಹುಡುಗಿಯಾದ ನಾನು ಕುಂಕುಮದ ಭರಣಿ ಹಿಡಿದು ಹಲಸಿನಹಣ್ಣಿಗೆ ಒರಗಿದೆ. ಮುಂದಿನ ಸೀಟಿನಲ್ಲಿ ಅಮ್ಮ. ಯಾಕೆ? "ಭಾವನ ಕಡೆಯವರ ಮನೆಗಳ ದಾರಿ ನನಗೆ ಗೊತ್ತಿಲ್ಲ, ತೋರಿಸಲಿಕ್ಕೆ ಒಬ್ಬರು ಬೇಕಲ್ಲ!" ಅಪ್ಪನ ಕಡೆಯ ಆ ಮನೆಗಳ ಒಂದೊಂದು ಪಾತ್ರೆಯ ಮುಚ್ಚಳವೂ ಮಾವನಿಗೆ ಪರಿಚಿತ ಎಂಬುದು ಬೇರೆ ಮಾತು.

ಮೊದಲ ಮನೆ ಕಡಿಯಾಳಿಯಲ್ಲಿ. ಮಾವ ಕಾರು ನಿಲ್ಲಿಸಿದವರೇ ಮುಖ ಕಿವಿಚಿದರು. "ಮೊಣಕಾಲು ಹಿಡಿದುಬಿಟ್ಟಿತು ತಂಗೀ. ನೀನೇ ಹೋಗಿ ಒಂದು ಮಾತು ಹೇಳಿ ಬಾ." ಸ್ವಲ್ಪ ಮೊದಲಷ್ಟೇ ಗೋಳಿಬಜೆಯ ವಾಸನೆ ಬಂತೆಂದು ಹೋಟೆಲಿನ ಮೆಟ್ಟಿಲನ್ನು ಹಾರಿ ಹತ್ತಿದ್ದ ಮೊಣಕಾಲು ಅದು! ಮಣಿಪಾಲದ ಮನೆಯ ಮುಂದೆ, "ಬ್ರೇಕ್ ನಿಲ್ಲುವುದಿಲ್ಲ. ನಾನು ಇಳಿದರೆ ಕಾರು ಗುಡ್ಡ ಇಳಿದು ಉಡುಪಿ ಸೇರುತ್ತದೆ."

ಕಡಿಯಾಳಿಯಲ್ಲಿ ಅಮ್ಮ ನೆಲವನ್ನು ನೋಡಿ ಹೇಳಿಕೆ ಹೇಳಿದಳು. ಮಣಿಪಾಲದಲ್ಲಿ ಗೋಡೆಯನ್ನು ನೋಡಿ. ಅಲ್ಲಿಯ ಮನೆಯೊಡತಿ ನಾನು ಹಿಡಿದ ಭರಣಿಯಿಂದ ಕುಂಕುಮ ತೆಗೆದುಕೊಳ್ಳುವ ಮೊದಲು ಕಾರಿನತ್ತ ಇಣುಕಿ, "ಬೇರೆ ಯಾರೂ ಬರಲಿಲ್ವಾ?" ಎಂದು ಕೇಳಿದರು. ಅಮ್ಮನ ಮುಖ ಸಣ್ಣದಾಯಿತು.

ಇನ್ನು ಉಳಿದದ್ದು ಕುದ್ರುಗಳು. ಅಪ್ಪನ ದಾಯಾದಿಗಳೆಲ್ಲ ಹೊಳೆಯ ನಡುವಿನ ಆ ದ್ವೀಪಗಳಲ್ಲೇ ಚದುರಿಹೋಗಿದ್ದರು. ಕಾರನ್ನು ದಡದಲ್ಲಿ ಬಿಟ್ಟು ದೋಣಿಯಲ್ಲಿ ಹೋಗುವುದು ಲೋಕರೂಢಿ. ಮಾವ ಒಪ್ಪಬೇಕಲ್ಲ! "ಯಾರಾದರೂ ಕದ್ದರೆ?" ಎಂದು, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ತರಿಸಿ, ಕಾರನ್ನು ಅದರ ಮೇಲೆ ಹತ್ತಿಸಿಯೇಬಿಟ್ಟರು. ಕುದ್ರುವಿನಲ್ಲಿ ರಸ್ತೆಯೇ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ಕುಲುಕುತ್ತ ಮನೆ ಮುಟ್ಟಿದ ಮೇಲೆ, "ಇನ್ನಾದರೂ ಇಳಿಯಿರಿ ಅಣ್ಣಾ" ಎಂದಳು ಅಮ್ಮ.

"ಯಾರಾದರೂ ಕದ್ದರೆ?"

"ಇಲ್ಲಿ ಕದಿಯುವವನು ಜಂಗಲ್ ಹಿಡಿದುಕೊಂಡೇ ಬರಬೇಕಲ್ವಾ?"

"ಈಗಿನ ಕಳ್ಳರು ಏನೂ ಮಾಡಿಯಾರು ಮಾರಾಯ್ತಿ!"

ಒಂದು ಕುದ್ರುವಿನಿಂದ ಇನ್ನೊಂದಕ್ಕೆ ನಮ್ಮ ಮೆರವಣಿಗೆ ಸಾಗಿತು. ಒಂದು ಕಡೆ ಮಾವನ ಪಂಚೆ ಹಿಂದೆ ಹರಿದಿತ್ತು, ಇನ್ನೊಂದು ಕಡೆ ಇಂಜಿನ್ ನಿಲ್ಲಿಸಿದರೆ ಮತ್ತೆ ಹೊರಡುತ್ತಿರಲಿಲ್ಲ. ಎಲ್ಲ ಕಡೆಯೂ ಬೆಲ್ಲ, ನೀರು, ಎಳನೀರಿನ ಬೊಂಡ ಮಾತ್ರ ಕಾರಿಗೇ ಸರಬರಾಜಾಗುತ್ತಿತ್ತು. ಅಮ್ಮ ಹೋಗಿ ಬರುತ್ತಿದ್ದಳು. ನಿಧಾನವಾಗಿ ಅವಳ ಕಣ್ಣು ನೆಲ ಬಿಟ್ಟು ಮನೆಯವರ ಮುಖಕ್ಕೆ ಏರಿತು.

ಕೊನೆಯ ಕುದ್ರುವಿನಲ್ಲಿ ಅಪ್ಪನ ದೊಡ್ಡಮ್ಮ ಇದ್ದರು. ನಮಗೆ ಅಜ್ಜಿ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಕೆಂಪು ಸೀರೆಯ ಮಡಿಯಲ್ಲೇ ಮುದುಕಿಯಾದವರು. ಕಟ್ಟಳೆ ತಪ್ಪಿದವರನ್ನು ಅವರು ಅಂಗಳದಿಂದಲೇ ತಿರುಗಿಸಿ ಕಳುಹಿಸುತ್ತಿದ್ದರೆಂದು ಪ್ರತೀತಿ. ಅಮ್ಮ ಸೀಟು ಬಿಟ್ಟು ಏಳಲಿಲ್ಲ.

"ಇಲ್ಲಿ ಒಂದು ನೀವೇ ಹೋಗಿ ಅಣ್ಣಾ. ಮಗಳ ಮದುವೆಗೆ ಒಂದು ಕೆಟ್ಟ ಮಾತು ಬರುವುದು ಬೇಡ."

ಮಾವ ಬಾಯಿ ತೆರೆದರು, ಸುಳ್ಳು ಹೊರಡಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ಜಗಲಿಗೆ ಬಂದು, "ಹೇಳಿಕೆ ಹೇಳುವವರು ಯಾರು?" ಎಂದು ಗಟ್ಟಿಯಾಗಿ ಕೇಳಿದರು.

"ಹೆತ್ತವಳು" ಎಂದರು ಮಾವ.

ಅಮ್ಮ ಇಳಿದು ಹೋಗಿ ಅಂಗಳದಲ್ಲಿ ನಿಂತಳು. ನಾನು ಹಿಂದೆ ನಿಂತೆ. ಅಜ್ಜಿ ಜಗಲಿಯ ಅಂಚಿಗೆ ಬಂದರು.

"ನನ್ನ ಮಕ್ಕಳ ಮದುವೆಗೆ ನಾನು ಒಂದು ಮನೆಗೂ ಹೇಳಿಕೆ ಹೇಳಿದವಳಲ್ಲ" ಎಂದರು. "ಒಳಗೆ ಕೂತು ಅಕ್ಕಿ ಆರಿಸಿದ್ದು ಮಾತ್ರ. ಮೇಲೆ ಬಾ. ಹೇಳು, ಕೇಳುತ್ತೇನೆ."

ಅಮ್ಮ ಜಗಲಿ ಹತ್ತಿ, ಮಗಳ ಹೆಸರು, ಹುಡುಗನ ಮನೆ, ಮದುವೆಯ ದಿನ ಎಲ್ಲ ಹೇಳಿ, "ನೀವು ಖಂಡಿತ ಬರಬೇಕು" ಎಂದಳು. ಅಜ್ಜಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು, "ಇನ್ನೊಮ್ಮೆ ಹೇಳು" ಎಂದರು.

ಮರಳುವಾಗ ಜಂಗಲಿಗೆ ಹುಟ್ಟು ಹಾಕುತ್ತಿದ್ದವರಿಗೆ ಅಮ್ಮ ತಾನಾಗಿಯೇ ಹೇಳಿಕೆ ಹೇಳಿದಳು. ಎದುರಿನ ದೋಣಿಯವರಿಗೆ ಕೂಗಿ ಹೇಳಿದಳು. ದಡದಲ್ಲಿ ಬೀಡಿ ಅಂಗಡಿಯ ಬ್ಯಾರಿಗಳಿಗೂ ಹೇಳಿದಳು. ಮಾವನ ಆ ಎಲ್ಲ ಸುಳ್ಳುಗಳಿಗೆ ನಾನು ಇಂದಿಗೂ ಋಣಿ. ಸತ್ಯವಂತರು ತುಂಬಿದ್ದ ನಮ್ಮ ಬಳಗದಲ್ಲಿ ಅಮ್ಮನಿಗೆ ಇಷ್ಟನ್ನು ಕೊಟ್ಟವರು ಇನ್ನೊಬ್ಬರಿರಲಿಲ್ಲ.

ಮದುವೆಯ ದಿನ ಕುದ್ರುಗಳಿಂದ ಜನ ಬಂದರು ನೋಡಿ, ಅನ್ನಕ್ಕೆ ಮತ್ತೆ ಮತ್ತೆ ನೀರಿಡಬೇಕಾಯಿತು! ಅಡಿಗೆಮನೆಯಲ್ಲಿ ಇರಬೇಕಾಗಿದ್ದ ಅಮ್ಮನನ್ನು ಯಾರೋ ಒಳಗೆ ಕರೆದರು. ಚಪ್ಪರದ ಬಾಗಿಲಲ್ಲಿ ಅಜ್ಜಿಯ ಕೈ ಹಿಡಿದು ನಿಂತಿದ್ದ ಅಮ್ಮ ತಿರುಗಿಯೂ ನೋಡದೆ ಹೇಳಿದಳು:

"ಈಗ ಬರಲಿಕ್ಕಾಗುವುದಿಲ್ಲ. ನಾನು ಕರೆದವರು ಬರ್ತಾ ಇದ್ದಾರೆ."