ಇಸ್ತ್ರಿ ಮಾಡಿದ ತಲೆ, ಹಾರುವ ಅಪ್ಪ

ನಗಬಾರದ ಕಡೆಯಲ್ಲೇ ನಗು ಬರುತ್ತದೆ ಎನ್ನುವುದು ನನ್ನ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ರುಜುವಾಗುತ್ತದೆ. ನಾನು ಕಾಸರಗೋಡಿನವಳು. ಮೆದುಳಿನ ರಚನೆಯೇ ಹುಟ್ಟಿನಿಂದ ಏರುಪೇರಾದ ಮಕ್ಕಳಿಗೆ ಕೂರುವುದು, ನುಂಗುವುದು, ಬೇಕು-ಬೇಡ ಹೇಳುವುದನ್ನು ಕಲಿಸುವ ಥೆರಪಿಸ್ಟ್. ಮೊದಲು ತಿರುವನಂತಪುರದಲ್ಲಿದ್ದೆ, ಈಗ ಕೊಚ್ಚಿ. ಕೆಲಸ ಇದೆಂದು ಹೇಳಿದೊಡನೆ ಜನ ದನಿ ತಗ್ಗಿಸಿ, “ದಿನವಿಡೀ ಅಳುವೇ ಅಲ್ವಾ?” ಎನ್ನುತ್ತಾರೆ. ಅಳು ಇದೆ ಮಾರಾಯ್ರೇ. ಅದೊಂದೇ ಅಲ್ಲ.

ಇಸ್ತ್ರಿ

ತಿರುವನಂತಪುರದಲ್ಲಿ ಮೈಸೂರಿನ ಒಂದು ಕುಟುಂಬ. ಅಪ್ಪ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅವರ ಎಳೆಯ ಮಗನ ಸ್ಕ್ಯಾನ್ ಬಂದ ಮೇಲೆ ಮಗುವಿನ ತಾಯಿ ಮಾತೇ ನಿಲ್ಲಿಸಿಬಿಟ್ಟಿದ್ದರು. ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ವಿಜ್ಞಾನಿಗಳು ತಮ್ಮ ತಾಯಿಗೆ ಪಾಠ ಮಾಡುತ್ತಿದ್ದರು.

“ಎಲ್ಲರ ಮೆದುಳಿನ ಮೇಲೂ ಮಡಿಕೆ ಇರುತ್ತಮ್ಮ. ಇವನದ್ದು ನುಣ್ಣಗಿದೆ.”

“ಒಂದು ಮಡಿಕೆನೂ ಇಲ್ವೇನೋ?”

“ಇಲ್ಲ.”

ಅಜ್ಜಿ ತೊಡೆಯ ಮೇಲಿದ್ದ ಮೊಮ್ಮಗನ ತಲೆ ಸವರಿದರು. ಆಮೇಲೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಇಷ್ಟು ವಯಸ್ಸಾದ್ರೂ ಮುದುರಿದ ಷರಟಲ್ಲೇ ಆಫೀಸಿಗೆ ಹೋಗ್ತೀಯ. ನಿನ್ನ ಮಗ ನೋಡು, ತಲೇನೇ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದಾನೆ!”

ಮೂಲೆಯಲ್ಲಿ ಕೂತಿದ್ದ ಸೊಸೆ ಫಕ್ಕನೆ ನಕ್ಕರು. ಸ್ಕ್ಯಾನ್ ಬಂದಮೇಲೆ ಮೊದಲ ಸಲ. ನಕ್ಕು ನಕ್ಕು ಅತ್ತರು, ಅತ್ತು ಮತ್ತೆ ನಕ್ಕರು. ಅಜ್ಜಿ ಸೊಸೆಯ ಬೆನ್ನು ತಟ್ಟುತ್ತಿದ್ದರೆ, ವಿಜ್ಞಾನಿಗಳು ಮೆಲ್ಲಗೆ ತಮ್ಮ ಷರಟಿನ ಸುಕ್ಕು ತಿಕ್ಕಿಕೊಳ್ಳುತ್ತಿದ್ದರು.

ಚಾಡಿಕ್ಕೋಳೂ

ವಿಳಿಂಜಂನ ಮೀನುಗಾರರೊಬ್ಬರು ಹೆಂಡತಿಯ ಜತೆ ಮೂರು ವರ್ಷದ ಮಗಳನ್ನು ಕರೆತರುತ್ತಿದ್ದರು. ಆ ಮಗು ದನಿ ತೆಗೆದು ನಕ್ಕಿದ್ದೇ ಇಲ್ಲ. ತುತ್ತು ನುಂಗಿಸುವುದಂತೂ ದೊಡ್ಡ ಸಾಹಸ. ಒಂದು ದಿನ ನೋಡಿದರೆ ಅಪ್ಪನ ಕೈಯಲ್ಲಿ ತುದಿ ಸೀಳಿದ ಪ್ಲಾಸ್ಟಿಕ್ ಚಮಚ. ಮಗುವಿನ ಬಾಯಿ ಗೀರೀತೆಂದು, “ಚಾಡಿಕ್ಕೋಳೂ!” ಎಂದೆ.

ಅವರು ನನ್ನ ಮುಖ ನೋಡಿದರು. ಮಗುವನ್ನು ಹೆಂಡತಿಯ ಕೈಗಿತ್ತರು. ಮುಂಡು ಎತ್ತಿ ಕಟ್ಟಿ, ನಿಂತಲ್ಲೇ ಧಡ್ಡನೆ ಹಾರಿದರು.

“ಇನ್ನೂ ಹಾರಬೇಕಾ ಮೇಡಂ?” ಎಂದು ಮಲಯಾಳದಲ್ಲೇ ವಿನಯವಾಗಿ ಕೇಳಿದರು.

ನಮ್ಮ ಕಾಸರಗೋಡಿನ ಮಲಯಾಳದಲ್ಲಿ ‘ಚಾಡು’ ಎಂದರೆ ಬಿಸಾಡು. ತಿರುವನಂತಪುರದಲ್ಲಿ ಹಾರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಿಲಕಿಲ ನಗು ಕೇಳಿಸಿತು. ಮಗು! ತಾಯಿ ಬೆರಗಾಗಿ ಗಂಡನಿಗೆ ಗದರಿದರು: “ನಿಂತ್ಕೊಂಡು ಏನು ನೋಡ್ತೀರಿ? ಹಾರಿ!”

ಅಲ್ಲಿಂದ ಅದೇ ನಿಯಮವಾಯಿತು. ತುತ್ತು ನುಂಗಿ ಬಾಯಿ ಖಾಲಿಯಾದರೆ ಅಪ್ಪ ಒಂದು ಸಲ ಹಾರಬೇಕು. ಓಣಂ ಹೊತ್ತಿಗೆ ಮಗು ತೂಕ ಏರಿಸಿಕೊಂಡಿತ್ತು, ಅಪ್ಪ ಇಳಿಸಿಕೊಂಡಿದ್ದರು.

ಕೆಂಪು ಗುಂಡಿ, ಹಸಿರು ಗುಂಡಿ

ಇದು ಕೊಚ್ಚಿಯದು. ಇಲ್ಲಿನ ಹೈಕೋರ್ಟಿನಲ್ಲಿ ಸರಕಾರಿ ವಕೀಲರಾಗಿದ್ದ ಕಾಸರಗೋಡಿನವರೊಬ್ಬರ ಮಗಳು, ಎಂಟು ವರ್ಷ. ಮಾತಿಲ್ಲ. “ಅದಕ್ಕೆ ಎಂತದೂ ಗೊತ್ತಾಗುದಿಲ್ಲ” ಎಂದು ಅವಳ ಸೋದರತ್ತೆ ಅವಳೆದುರೇ ಹೇಳುತ್ತಿದ್ದರು. “ಎಲ್ಲ ಗೊತ್ತಾಗ್ತದೆ” ಎಂದು ವಾದಿಸುತ್ತಿದ್ದವರು ಅಮ್ಮ ಒಬ್ಬರೇ.

ನಾನು ಅವಳ ಗಾಲಿಕುರ್ಚಿಯ ಹಲಗೆಗೆ ಎರಡು ದೊಡ್ಡ ಗುಂಡಿ ಕೂರಿಸಿದೆ. ಕೆಂಪು ಒತ್ತಿದರೆ ಅಮ್ಮನ ದನಿಯಲ್ಲಿ “ಸಾಕು”, ಹಸಿರು ಒತ್ತಿದರೆ “ಇನ್ನೂ ಬೇಕು”. ಊಟದ ಹೊತ್ತಿಗೆಂದು ಕೊಟ್ಟದ್ದು.

ಅಷ್ಟರಲ್ಲಿ ಅಲ್ಲಿನ ಕನ್ನಡಿಗರ ಒಂದು ಕೂಟ ಬಂತು. ಹುಡುಗಿ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಅಮ್ಮ, ಸೋದರತ್ತೆ, ನಾನು. ಊಟದ ವಾಸನೆ ಬರುತ್ತಿತ್ತು. ಭಾಷಣಕ್ಕೆ ನಿಂತ ಮುಖ್ಯ ಅತಿಥಿಗಳು ಮಾತ್ರ ಮುಗಿಸುವ ಲಕ್ಷಣವಿಲ್ಲ.

“ಇಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಒಂದು ಕನ್ನಡ ಪದವಾದರೂ ಕೇಳಿಸುತ್ತದೆಯೇ?” ಎಂದು ಮೇಜು ಗುದ್ದಿದರು.

“ಸಾಕು!”

ಎಲ್ಲರ ಕತ್ತೂ ಮುಂದಿನ ಸಾಲಿನತ್ತ ತಿರುಗಿತು. “ಕೈ ತಾಗಿದ್ದು ಅಷ್ಟೆ” ಎಂದು ಸೋದರತ್ತೆ ಪಿಸುಗುಟ್ಟಿದರು. ಅತಿಥಿಗಳು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. “ಕೊನೆಯದಾಗಿ ಒಂದು ಮಾತು...” ಅದು ಮುಗಿಯಿತು. “ಕೊನೆಯದಾಗಿ ಇನ್ನೊಂದು...”

“ಸಾಕು! ಸಾಕು!”

ಈ ಸಲ ಅವಳು ಅತಿಥಿಗಳನ್ನೇ ನೆಟ್ಟ ನೋಟದಿಂದ ನೋಡುತ್ತ ಒತ್ತಿದ್ದನ್ನು ಎಲ್ಲರೂ ಕಂಡರು. ಅತಿಥಿಗಳು ಕೂತೇಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೋದರತ್ತೆ ಗಾಬರಿಯಿಂದ, “ಇಷ್ಟು ವರ್ಷ ನಾನು ಮಾತಾಡಿದ್ದೆಲ್ಲ ಇದಕ್ಕೆ ಗೊತ್ತಾಗ್ತಿತ್ತಾ?” ಎಂದರು.

ಹುಡುಗಿಗೆ ಚಪ್ಪಾಳೆ ಬಲು ಇಷ್ಟವಾಯಿತು. ಅದು ನಿಂತೊಡನೆ ಹಸಿರು ಗುಂಡಿ ಒತ್ತಿದಳು: “ಇನ್ನೂ ಬೇಕು!”

ತಡೆಯೋಣವೆಂದರೆ, ಅತಿಥಿಗಳು ಆಗಲೇ ಮೈಕಿನ ಮುಂದೆ ನಿಂತಿದ್ದರು.