ವಾಸನೆ ಬಾರದವನ ರುಚಿಪರೀಕ್ಷೆ

ನಗೆಪಾಟಲಿನ ಸಂಗತಿಗಳು ನಗುವವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವು ನನ್ನ ಬೆನ್ನೇ ಬಿಡುವುದಿಲ್ಲ. ಹುಟ್ಟಿದಾಗಿನಿಂದ ನನ್ನದು ಸಾವಿನ ಮನೆಯಿಂದ ಈಗಷ್ಟೇ ಬಂದವನ ಮುಖ. ಊರು ದಾವಣಗೆರೆ. ಬಹಳ ವರ್ಷದಿಂದ ವಿಶಾಖಪಟ್ಟಣದ ಹತ್ತಿರ ಅಚ್ಯುತಾಪುರಂನ ಫ್ಲೇವರ್ ಕಾರ್ಖಾನೆಯೊಂದರಲ್ಲಿ ವಾಸನೆ ನೋಡುವ ಕೆಲಸ.

೧. ಅತ್ತೆಯ ಮೂಗು

ಆಗಿನ್ನೂ ವೇಪ್ ಎಂಬ ಇ-ಸಿಗರೇಟಿಗೆ ನಿಷೇಧ ಬಂದಿರಲಿಲ್ಲ. ಅದಕ್ಕೆ ತುಂಬುವ ದ್ರವಕ್ಕೆ ಮಾವು, ಪುದೀನ, ಗುಲಾಬಿ ಎಂದು ನಾವು ಪರಿಮಳ ಮಾಡಿಕೊಡುತ್ತಿದ್ದೆವು. ಪರೀಕ್ಷಿಸಲು ಹೊಗೆ ಎಳೆಯಬೇಕಿಲ್ಲ. ಕಾಗದದ ಪಟ್ಟಿಯ ತುದಿ ಅದ್ದಿ ಮೂಗಿನ ಹತ್ತಿರ ಆಡಿಸಿದರೆ ಸಾಕು. ಮೂಗು ದಣಿದರೆ ನಮ್ಮದೇ ಅಂಗಿಯ ತೋಳು ಮೂಸಿ ಮತ್ತೆ ಶುರು.

ಒಮ್ಮೆ ವಿಜಯವಾಡದ ಅತ್ತೆಮನೆಗೆ ಹೋದಾಗ ತೋಳಿಗೆ ಅಂಟಿದ್ದ ಗುಲಾಬಿ ವಾಸನೆಗೆ ಅತ್ತೆ ಮುಖ ಗಂಟಿಕ್ಕಿದರು. ಅನುಮಾನ ಕಳೆಯಲೆಂದು ಬ್ಯಾಗಿನಲ್ಲಿದ್ದ ಸೀಸೆ, ಪಟ್ಟಿಗಳನ್ನೇ ತೆಗೆದುಕೊಟ್ಟೆ. ಒಂದೊಂದನ್ನೇ ಮೂಸಿದರು. ಮಾವಿನದನ್ನು ಮಾತ್ರ ದೂರ ಇಟ್ಟು, ಅಳಿಯನೆಂಬ ಮರ್ಯಾದೆ ಬಿಡದೆ, "ಅಲ್ಲುಡುಗಾರು, ಇದು ಮಾವಿನಹಣ್ಣಲ್ಲ, ನೆಲ ಒರೆಸೋ ನೀರು" ಎಂದರು. ಅದು ನಾನು ಪಾಸು ಮಾಡಿದ ಮಾಲು. ಮುಂದಿನ ವಾರ ಗಿರಾಕಿ ಅದೇ ಕಾರಣ ಬರೆದು ವಾಪಸು ಕಳಿಸಿದ. ಅಳಿಯನಾದವನು ಮ್ಯಾನೇಜರಿಗೆ ಅತ್ತೆಯ ತೀರ್ಪನ್ನೂ ಹೇಳಿದೆ.

೨. ಒಂದೇ ಮೂಗು

ನಿಷೇಧ ಬಂತು. ಅವೇ ಪರಿಮಳಗಳು ಕೆಮ್ಮಿನ ಸಿರಪ್ಪಿಗೂ ಜೆಲ್ಲಿಗೂ ಹೋಗತೊಡಗಿದವು. ಹಿಂದೆಯೇ ಕೊರೊನಾ ಬಂತು. ಜ್ವರ ಇಳಿಯಿತು, ನನ್ನ ಮೂಗಿಗೆ ವಾಸನೆ ಮಾತ್ರ ಮರಳಲಿಲ್ಲ. ಹೆಂಡತಿ ಮಲ್ಲಿಗೆ ಮುಡಿದರೆ ಬಿಳಿಯಾಗಿ ಕಾಣುತ್ತಿತ್ತು, ಅಷ್ಟೇ. ಒಬ್ಬನೇ ಕೂತು ಅತ್ತದ್ದೂ ಉಂಟು. ಹೇಳಿದರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ.

ಮಾಲಿನ ಶುದ್ಧತೆಗೆ ಯಂತ್ರವಿತ್ತು. ವಾಸನೆಗೆ ನಾನು ಮತ್ತು ಪಕ್ಕದ ಮೇಜಿನ ಸಹೋದ್ಯೋಗಿ, ಅನಕಾಪಲ್ಲಿಯ ಹೆಂಗಸು. ಪಟ್ಟಿ ಮೂಸುವಾಗ ಆಕೆಯ ಮುಖ ನೋಡಿ ನಾನು ವರದಿ ಬರೆಯುತ್ತಿದ್ದೆ. ಒಂದು ದಿನ ಆಕೆ ಬೇವು ಜಗಿದವರಂತೆ ಮುಖ ಮಾಡಿದರು. ನಾನು "ಫೇಲ್" ಎಂದು ಬರೆದೆ. ಆಕೆಯದೂ ಫೇಲ್. "ನಿಮ್ಮಿಬ್ಬರದು ಒಂದೇ ಮೂಗು" ಎಂದು ಮ್ಯಾನೇಜರ್ ಹೊಗಳಿದರು. ತನ್ನ ಅತ್ತೆ ಒಂದು ತಿಂಗಳು ಇರಲು ಬರುತ್ತಾರೆಂಬ ಫೋನು ಆ ಹೊತ್ತಿಗೆ ಬಂದಿತ್ತೆಂದು ಆಕೆ ಊಟದ ವೇಳೆ ಹೇಳಿದರು.

೩. ಪುಳಿಹೋರ

ಹೀಗೇ ಮೂರು ವರ್ಷ ತಳ್ಳಿದೆ. ಒಂದು ಸಂಜೆ ಹಾಲು ಉಕ್ಕಿ ಒಲೆ ಆರಿದೆ. ಗ್ಯಾಸು ಸೋರುತ್ತಿದೆ. ನಾನು ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೇನೆ. ಹೊರಗಿಂದ ಬಂದ ಹೆಂಡತಿ ಗ್ಯಾಸು ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ನನ್ನ ಮುಂದೆ ಕೂತಳು. ಎಲ್ಲ ಒಪ್ಪಿಕೊಂಡೆ. ಬಹಳ ಹೊತ್ತು ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು, "ಏವಂಡಿ, ಹಾಗಾದ್ರೆ ಮೂರು ವರ್ಷ ನನ್ನ ಪುಳಿಹೋರ ಘಮಘಮ ಅಂದಿದ್ದು?" ಎಂದು ಕೇಳಿದಳು. ಗ್ಯಾಸಿನ ವಿಷಯ ಆ ರಾತ್ರಿಗೇ ಮುಗಿಯಿತು. ಪುಳಿಹೋರದ್ದು ಇನ್ನೂ ನಡೆಯುತ್ತಿದೆ.

೪. ತಪ್ಪೊಪ್ಪಿಗೆ

ಮುಚ್ಚಿಟ್ಟು ಸಾಯುವುದಕ್ಕಿಂತ ಕೆಲಸ ಹೋಗುವುದೇ ಮೇಲೆಂದು ಹೆಂಡತಿ ನಿಜ ಹೇಳಿಬರಲು ಮರುದಿನ ಬೆಳಿಗ್ಗೆಯೇ ಕಾರ್ಖಾನೆಗೆ ಅಟ್ಟಿದಳು. ಮೊದಲು ಪಕ್ಕದ ಮೇಜಿನಾಕೆಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಆಕೆಯ ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿತ್ತು.

"ಸರ್, ಆ ಜ್ವರದಲ್ಲಿ ನನ್ನದೂ ಹೋಯ್ತು. ನೀವು ಸೀನಿಯರ್ ಅಂತ ನಿಮ್ಮ ಮುಖ ನೋಡಿ ಬರೀತಿದ್ದೆ."

ನನ್ನ ಮುಖದಲ್ಲಿ ಏನು ಗೊತ್ತಾಗುತ್ತದೆ ಎಂದು ಕೇಳಿದೆ.

"ಅದೇ ಕಷ್ಟ ಆಗಿದ್ದು ಸರ್. ಮೊದಮೊದಲು ಎಲ್ಲಾ ಮಾಲೂ ಕೆಟ್ಟಿದೆ ಅಂತಲೇ ಅನ್ನಿಸ್ತಿತ್ತು."

ಮೂರು ವರ್ಷ ಆ ಕೋಣೆಯಲ್ಲಿ ಯಾರೂ ಏನನ್ನೂ ಮೂಸಿರಲಿಲ್ಲ. ಇಬ್ಬರೂ ಕೈಕಟ್ಟಿಕೊಂಡು ಮ್ಯಾನೇಜರ್ ಮುಂದೆ ನಿಂತೆವು. ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ನನ್ನ ಅನ್ನ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಅವರು ನಿಧಾನವಾಗಿ ಕೇಳಿದರು: "ವಿಜಯವಾಡದ ನಿಮ್ಮ ಅತ್ತೆಯವರಿಗೆ ಆ ಜ್ವರ ಬಂದಿತ್ತಾ?"