ಬೋಂಡನಿಗೆ ನಾನು ಮಾಡಿದ ಬಿಸ್ಕತ್ತು

ಮನೆಯಲ್ಲಿ ಮಾಡಿದ್ದು ಯಾವುದೂ ಕೆಟ್ಟದ್ದಾಗಲಾರದು ಎಂದು ನಂಬಿದವರ ವಂಶದಲ್ಲಿ ಹುಟ್ಟಿದವನು ನಾನು. ನಮ್ಮಲ್ಲಿ ಅಂಗಡಿಯ ಉಪ್ಪಿನಕಾಯಿ ತಿಂದು ಹೊಟ್ಟೆ ಕೆಟ್ಟರೆ ಅದು ಅಂಗಡಿಯವನ ತಪ್ಪು, ಮನೆಯ ಉಪ್ಪಿನಕಾಯಿ ತಿಂದು ಕೆಟ್ಟರೆ ಹವಾಮಾನದ್ದು. ನಮ್ಮಮ್ಮ ನೆಗಡಿಗೆ ಒಂದು ಕಷಾಯ ಮಾಡುತ್ತಿದ್ದಳು. ಅದನ್ನು ಕುಡಿದವರು ನೆಗಡಿಯನ್ನು ಮರೆಯುತ್ತಿದ್ದುದು ನಿಜ. ಕಷಾಯವನ್ನು ಮಾತ್ರ ಯಾರೂ ಈವರೆಗೆ ಮರೆತಿಲ್ಲ. ಈ ನಂಬಿಕೆಯ ಜೊತೆಗೆ ನನಗೆ ಇನ್ನೊಂದು ಭ್ರಮೆಯೂ ಇತ್ತು. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ ಅಡುಗೆ ಯಾವ ಮಹಾ ವಿದ್ಯೆ, ಅಳತೆ ಸರಿಯಿದ್ದರೆ ಆಯಿತು ಎಂದುಕೊಂಡಿದ್ದೆ. ಇವೆರಡೂ ಸೇರಿ ಹೋದ ತಿಂಗಳು ನಮ್ಮ ಮನೆಯ ನಾಯಿಯ ಪ್ರಾಣಕ್ಕೇ ಬಂದಿದ್ದವು.

ನಾಯಿಯ ಹೆಸರು ಬೋಂಡ. ಆರು ವರ್ಷದ ಹಿಂದೆ ಸಂಪಿಗೆ ರಸ್ತೆಯಲ್ಲಿ ಬೋಂಡದ ಗಾಡಿಯ ಕೆಳಗೆ ನಡುಗುತ್ತ ಕೂತಿದ್ದ ಮರಿಯನ್ನು ನನ್ನ ಹೆಂಡತಿ ಸುಮಿತ್ರಾ ತರಕಾರಿ ಚೀಲದಲ್ಲಿ, ಹುರುಳಿಕಾಯಿಯ ಮೇಲೆ ಕೂರಿಸಿಕೊಂಡು ಮಲ್ಲೇಶ್ವರದ ನಮ್ಮ ಮನೆಗೆ ತಂದಳು. ಸಿಕ್ಕಿದ ಜಾಗದ ನೆನಪಿಗೆಂದು ಇಟ್ಟ ಹೆಸರು ಅದು. ಬರಬರುತ್ತ ಆಕಾರದಲ್ಲೂ ಅವನು ಹೆಸರಿಗೆ ತಕ್ಕವನಾದ. ಅದರಲ್ಲಿ ನನ್ನ ಪಾಲೂ ಇದೆ. ಬೆಳಗಿನ ಕಾಫಿಗೆ ನನಗೊಂದು ರಸ್ಕು, ಅವನಿಗೊಂದು. ಸಂಜೆ ನನಗೆರಡು ಬೆಣ್ಣೆ ಬಿಸ್ಕತ್ತು, ಅವನಿಗೆ ಮೂರು. ಕುಮಾರ ಪಾರ್ಕಿನ ಪಶುವೈದ್ಯೆ ಅವನ ತೂಕ ನೋಡಿ, ಯಂತ್ರ ಸರಿಯಿದೆಯೇ ಎಂದು ತಾನೇ ಒಮ್ಮೆ ಹತ್ತಿ ನೋಡಿದಳು.

“ಸರ್, ಬೇಕರಿ ಐಟಂ ಎಲ್ಲಾ ಇವತ್ತಿಂದ ಬಂದ್. ಏನಾದ್ರೂ ಕೊಡ್ಲೇಬೇಕು ಅಂದ್ರೆ ಮನೇಲೇ ಸಿಂಪಲ್ಲಾಗಿ ಮಾಡ್ಕೊಡಿ. ಏನೇನ್ ಹಾಕ್ಬಾರ್ದು ಅಂದ್ರೆ...”

“ಅದೆಲ್ಲಾ ನಂಗೆ ಬಿಡಿ ಡಾಕ್ಟ್ರೇ,” ಎಂದು ನಾನು ಎದ್ದುಬಿಟ್ಟೆ. ಆ ವಾಕ್ಯವನ್ನು ಪೂರ್ತಿ ಮಾಡಲು ಬಿಟ್ಟಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಶನಿವಾರ ಸುಮಿತ್ರಾ ಚಾಮರಾಜಪೇಟೆಯ ತಂಗಿಯ ಮನೆಗೆ ಹೋದದ್ದೇ ನಾನು ಅಡುಗೆಮನೆಗೆ ಇಳಿದೆ. ರಾಗಿಹಿಟ್ಟು, ಬೇಯಿಸಿದ ಸಿಹಿಗುಂಬಳ, ತುರಿದ ಕ್ಯಾರೆಟ್ಟು. ಸಕ್ಕರೆ ಕೂಡದಲ್ಲ, ರುಚಿಗೇನು ಮಾಡುವುದು ಎಂದು ಡಬ್ಬಿಗಳನ್ನು ತಡಕಿದಾಗ ಹಬ್ಬದ ಪಾಯಸಕ್ಕೆ ತಂದು ಉಳಿದಿದ್ದ ಒಣದ್ರಾಕ್ಷಿ ಸಿಕ್ಕಿತು. ರಕ್ತಕ್ಕೆ ಒಳ್ಳೆಯದು ಎಂದು ಎರಡು ಹಿಡಿ ಧಾರಾಳವಾಗಿ ಸುರಿದೆ. ಎಲ್ಲ ಕಲಸಿ, ಹನ್ನೆರಡು ಬಿಸ್ಕತ್ತು ತಟ್ಟಿ, ಓವನ್ನಿನಲ್ಲಿ ನಲವತ್ತು ನಿಮಿಷ ಇಟ್ಟೆ. ಮನಸ್ಸಿಗೆ ಸಮಾಧಾನವಾಗದೆ ಇನ್ನೂ ಇಪ್ಪತ್ತು ನಿಮಿಷ ಬಿಟ್ಟೆ. ಹೊರತೆಗೆಯುವಾಗ ಒಂದು ಕೈಜಾರಿ ಬಿತ್ತು. ಬಿಸ್ಕತ್ತಿಗೆ ಏನೂ ಆಗಲಿಲ್ಲ. ನೆಲದ ಟೈಲ್ಸಿನ ಮೂಲೆ ಎದ್ದಿತು.

ಬೋಂಡ ಮೊದಲನೆಯದನ್ನು ಮೂಸಿ, ನನ್ನ ಮುಖ ನೋಡಿ, ಎರಡು ಸಲ ಬಾಲ ಆಡಿಸಿ, ಬಿಸ್ಕತ್ತನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ಹಿತ್ತಿಲಿಗೆ ಹೋದ. ಪಾಪ, ಇಷ್ಟವಾದದ್ದನ್ನು ಏಕಾಂತದಲ್ಲಿ ಸವಿಯುವ ಪ್ರಾಣಿ ಎಂದುಕೊಂಡೆ. ಐದು ನಿಮಿಷಕ್ಕೆ ಖಾಲಿ ಬಾಯಲ್ಲಿ ಬಂದು ನಿಂತ. ಇನ್ನೊಂದು ಕೊಟ್ಟೆ. ಹೀಗೆ ಎರಡು ದಿನದಲ್ಲಿ ಹನ್ನೆರಡೂ ಮುಗಿದವು. ನನ್ನ ಕೈಯಡುಗೆ ತಟ್ಟೆಯಲ್ಲಿ ಉಳಿಯದೆ ಖರ್ಚಾದದ್ದು ಜೀವನದಲ್ಲಿ ಅದೇ ಮೊದಲು.

ಸೋಮವಾರ ಬೆಳಿಗ್ಗೆ ಪಾರ್ಕಿನಲ್ಲಿ ಪಕ್ಕದ ಮನೆಯ ಕಾಂತರಾಜು ಸಿಕ್ಕರು. ಮನೆಯಲ್ಲಿ ಎರಡು ನಾಯಿ ಸಾಕಿದವರು. ಹೇಳಿಕೊಳ್ಳದೆ ಇರಲಾಗಲಿಲ್ಲ.

“ಭೇಷ್! ಏನೇನ್ ಹಾಕಿದ್ರಿ ಮೇಷ್ಟ್ರೇ?”

ನಾನು ಒಂದೊಂದಾಗಿ ಹೇಳುತ್ತ ಹೋದೆ. ದ್ರಾಕ್ಷಿ ಎನ್ನುತ್ತಲೇ ಅವರು ನಡೆಯುವುದನ್ನು ನಿಲ್ಲಿಸಿದರು.

“ದ್ರಾಕ್ಷಿನಾ? ಅಯ್ಯೋ, ಅದು ನಾಯಿಗೆ ವಿಷ ಕಣ್ರೀ! ಕಿಡ್ನಿ ಹೋಗ್ಬಿಡತ್ತೆ. ಇಲ್ಲಿ ನಿಂತ್ಕೊಂಡು ಏನ್ ನೋಡ್ತಿದೀರ, ಮೊದ್ಲು ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ!”

ಮನೆಗೆ ಓಡಿದೆ. ಬೋಂಡ ಬಾಗಿಲ ಬಳಿ ಕಾಲು ಚಾಚಿ ಮಲಗಿದ್ದ. ಆರು ವರ್ಷದಿಂದ ದಿನಾ ಅಲ್ಲೇ, ಹಾಗೇ ಮಲಗುತ್ತಾನೆ. ಅಂದು ಮಾತ್ರ ನನಗೆ ಅದು ಕೊನೆಯ ಘಳಿಗೆಯಂತೆ ಕಂಡಿತು. ಆಟೋದಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡೆ. ಭಾರಕ್ಕೆ ಎರಡೂ ಕಾಲು ಜೋಮು ಹಿಡಿದವು, ಆದರೂ ಕೆಳಗಿಳಿಸಲು ಮನಸ್ಸು ಬರಲಿಲ್ಲ. ತನ್ನನ್ನು ಸಾಯಿಸಲು ಹೊರಟ ಕೈಯನ್ನೇ ಅವನು ದಾರಿಯುದ್ದಕ್ಕೂ ನೆಕ್ಕುತ್ತಿದ್ದ. ನಾನು ತಲೆ ಆಚೆ ತಿರುಗಿಸಿ ಕೂತೆ.

ಡಾಕ್ಟರು ವಿಷಯ ಕೇಳಿ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

“ಎಷ್ಟು ತಿಂದಿದಾನೆ ಸರ್?”

“ಹನ್ನೆರಡು.”

ಅವಳು ರಕ್ತ ತೆಗೆದುಕೊಂಡಳು. “ಮನೇಲಿ ಎಲ್ಲಾದ್ರೂ ವಾಂತಿ ಮಾಡಿದಾನಾ? ಮೇಡಂಗೆ ಫೋನ್ ಮಾಡಿ, ಹಿತ್ತಿಲಲ್ಲಿ ನೋಡೋಕೆ ಹೇಳಿ.”

ಸುಮಿತ್ರಾ ಹಿಂದಿನ ರಾತ್ರಿಯೇ ತಂಗಿಯ ಮನೆಯಿಂದ ವಾಪಸು ಬಂದಿದ್ದಳು. ಫೋನ್ ಮಾಡಿ ಕಾದೆ. ಹತ್ತು ನಿಮಿಷದಲ್ಲಿ ನಾನು ಸಕಲ ದೇವರುಗಳನ್ನೂ, ಅದಕ್ಕಿಂತ ಹೆಚ್ಚಾಗಿ ಹಳೆಯ ರಸ್ಕುಗಳನ್ನೂ ನೆನೆದೆ. ಅವುಗಳಿಂದ ಅವನು ದಪ್ಪವಾಗಿದ್ದ, ಅಷ್ಟೇ; ಬದುಕಿದ್ದನಲ್ಲ! ಆಗ ಸುಮಿತ್ರಾಳ ಫೋನು ಬಂತು.

“ರೀ, ವಾಂತಿ ಎಲ್ಲೂ ಇಲ್ಲ. ಕರಿಬೇವಿನ ಕುಂಡದ ಮಣ್ಣು ಎದ್ದಿತ್ತು ಅಂತ ಸೌಟಲ್ಲಿ ಕೆದಕಿ ನೋಡ್ದೆ. ಅದ್ರಲ್ಲಿ ನಿಮ್ಮ ಬಿಸ್ಕತ್ತು ಏಳು, ದಾಸವಾಳದ ಬುಡದಲ್ಲಿ ಐದು. ಎರಡೆರಡ್ ಸಲ ಎಣಿಸಿದೀನಿ, ಹನ್ನೆರಡೂ ಇದೆ. ಒಂದಕ್ಕೂ ಹಲ್ಲಿನ ಗುರುತಿಲ್ಲ!”

ಕಚ್ಚಲೂ ಇಲ್ಲ. ತಿಂದಂತೆ ನಟಿಸಿ, ನನ್ನ ಮನಸ್ಸು ನೋಯದಂತೆ ಹಿತ್ತಿಲಿಗೆ ಒಯ್ದು, ಗೌರವದಿಂದ ಹೂತುಹಾಕಿದ್ದ. ನಾನು ಬೆಂಚಿನ ಮೇಲೆ ಕುಸಿದು ಅವನ ದಪ್ಪ ಕತ್ತು ತಬ್ಬಿಕೊಂಡೆ. ಕಣ್ಣು ಒರೆಸಿಕೊಳ್ಳಲು ಡಾಕ್ಟರು ಹತ್ತಿ ಕೊಟ್ಟಳು. ಈಗ ಅವಳೂ ನಗುತ್ತಿದ್ದಳು.

ಸಂಜೆ ರಕ್ತದ ವರದಿ ಬಂತು. ಕಿಡ್ನಿ ಚೆನ್ನಾಗಿದೆ. ಸುಮಿತ್ರಾ ಜೊತೆಗೆ ಬಂದಿದ್ದಳು. ಡಾಕ್ಟರು ಈ ಸಲ ಹೇಳಬೇಕಾದ್ದನ್ನೆಲ್ಲ ಅವಳಿಗೇ ಹೇಳಿದಳು: ದ್ರಾಕ್ಷಿ, ಈರುಳ್ಳಿ, ಚಾಕಲೇಟು ಯಾವುದೂ ಕೂಡದು, ರಾಗಿ, ಕುಂಬಳ ಸಾಕು, ತೆಳ್ಳಗೆ ತಟ್ಟಿ ಹದವಾಗಿ ಬೇಯಿಸಿ. ಆಮೇಲೆ ಬೋಂಡನ ಫೈಲಿನಲ್ಲಿ ಏನೋ ಬರೆದು ನನ್ನತ್ತ ತಿರುಗಿಸಿ, “ಸರ್, ಇಲ್ಲೊಂದು ಸೈನ್ ಮಾಡ್ಬಿಡಿ,” ಎಂದಳು. ಕನ್ನಡಕ ಏರಿಸಿ ಓದಿದೆ: ‘ನಾಯಿ ಆರೋಗ್ಯವಾಗಿದೆ. ಒಳ್ಳೆಯ ವಿವೇಚನಾಶಕ್ತಿ ಇದೆ. ಮಾಲೀಕರನ್ನು ಅಡುಗೆಮನೆಗೆ ಬಿಡಬಾರದು.’

ಪೆನ್ನಿಗಾಗಿ ಜೇಬು ತಡಕಾಡಿದೆ. ಸುಮಿತ್ರಾ ಆಗಲೇ ಕ್ಯಾಪು ತೆಗೆದು ಪೆನ್ನು ಹಿಡಿದು ನಿಂತಿದ್ದಳು. ನಾನು ಪೂರ್ತಿ ಹೆಸರು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದೆ.